ಒಮ್ಮೆ ತರೋಣ, ಎಲ್ಲರಿಗೂ ಹಂಚೋಣ
(ಶಿಕ್ಷಕರ ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಕೊಠಡಿ ಎಂದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ "ಇಂಟರ್‌ನೆಟ್ ಇದೆಯೇ?" ಎಂಬುದು. ಇಲ್ಲವೆಂದರೆ ಕೊಠಡಿಗೆ ಬೀಗ ಬೀಳುತ್ತದೆ. ನಾನು ಹೇಳಬಯಸುವುದು ಇಷ್ಟೇ: ಇಂಟರ್‌ನೆಟ್ ನಿಂತರೂ ನಮ್ಮ ಕಂಪ್ಯೂಟರ್‌ಗಳ ನಡುವಿನ ದಾರಿ ನಿಲ್ಲುವುದಿಲ್ಲ.

ನಾರಾಯಣಪುರ ಎಡದಂಡೆ ಕಾಲುವೆಯನ್ನು ಸುರಪುರ, ಶಹಾಪುರದ ರೈತರೆಲ್ಲ ಬಲ್ಲರು. ಪ್ರತಿಯೊಬ್ಬ ರೈತನೂ ಕೃಷ್ಣೆಗೆ ಹೋಗಿ ನೀರು ಹೊತ್ತು ತರುವುದಿಲ್ಲ. ಕಾಲುವೆಗೆ ಒಮ್ಮೆ ಬಂದ ನೀರು ಹೊಲಹೊಲಕ್ಕೆ ಹಂಚಿಕೆಯಾಗುತ್ತದೆ. ದೊಡ್ಡ ಫೈಲುಗಳಿಗೂ ಇದೇ ಕ್ರಮ ಸಾಕು.

ಲೆಕ್ಕ ಮಾಡಿ ನೋಡಿ. ಪಾಠದ ವಿಡಿಯೋಗಳು 5 ಜಿಬಿ ಇದ್ದರೆ, 10 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಸಿಕೊಳ್ಳಲು ಒಂದು ಗಂಟೆಗೂ ಹೆಚ್ಚು ಬೇಕು. 20 ಕಂಪ್ಯೂಟರ್‌ಗಳಿಗೆ ಬೇರೆ ಬೇರೆಯಾಗಿ ಇಳಿಸಿದರೆ 22 ಗಂಟೆ! ಒಂದಕ್ಕೆ ಮಾತ್ರ ಇಳಿಸಿ, ಗಿಗಾಬಿಟ್ ಸ್ವಿಚ್ ಮೂಲಕ ಹಂಚಿದರೆ ಎಲ್ಲಕ್ಕೂ ಸೇರಿ ಕಾಲು ಗಂಟೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ಸ್ವಲ್ಪ ಹೊತ್ತು ಹಿಡಿದೀತು, ಅಷ್ಟೇ. ಪೆನ್ ಡ್ರೈವ್ ಹಿಡಿದು ತಿರುಗುವ ಗೋಜಿಲ್ಲ. ಎಫ್‌ಎಟಿ32 ಮಾದರಿಯ ಪೆನ್ ಡ್ರೈವ್ 4 ಜಿಬಿ ಮೀರಿದ ಫೈಲನ್ನು ಸ್ವೀಕರಿಸುವುದೇ ಇಲ್ಲ.

ಇದಕ್ಕೆ ಬೇಕಾದದ್ದು ಒಂದು ಸ್ವಿಚ್, ಕೇಬಲ್ಲುಗಳು ಮತ್ತು ದೊಡ್ಡ ಡಿಸ್ಕ್ ಇರುವ ಒಂದು ಕಂಪ್ಯೂಟರ್. ಕೇಬಲ್ಲು 100 ಮೀಟರ್ ಮೀರಬಾರದು. ವಿಂಡೋಸ್‌ನಲ್ಲಿ ಫೋಲ್ಡರ್ ಹಂಚುವ ವ್ಯವಸ್ಥೆ ಇದ್ದೇ ಇದೆ. ಲಿನಕ್ಸ್ ಬಳಸುವವರಿಗೆ, ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಆರಂಭಿಸಿದ 'ಸಾಂಬಾ' ತಂತ್ರಾಂಶ ಉಚಿತವಾಗಿ ಸಿಗುತ್ತದೆ. 'ಕಿವಿಕ್ಸ್' ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಕನ್ನಡ ವಿಕಿಪೀಡಿಯವನ್ನು ಇಂಟರ್‌ನೆಟ್ ಇಲ್ಲದೆಯೇ ಇಡೀ ಕೊಠಡಿ ಓದಬಹುದು.

ಒಂದು ಎಚ್ಚರಿಕೆ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪಿಡುಗು ಜಗತ್ತಿನಾದ್ಯಂತ ಹರಡಿದ್ದು ವಿಂಡೋಸ್‌ನ ಹಳೆಯ ಫೈಲ್ ಹಂಚಿಕೆಯ ದೋಷದಿಂದಲೇ. ಆದ್ದರಿಂದ ಎಸ್‌ಎಂಬಿ 1 ಎಂಬ ಹಳೆಯ ಪದ್ಧತಿಯನ್ನು ನಿಲ್ಲಿಸಿಡಿ, ವಿಂಡೋಸನ್ನು ಕಾಲಕಾಲಕ್ಕೆ ನವೀಕರಿಸಿ. ಪಾಠದ ಫೋಲ್ಡರನ್ನು ಮಕ್ಕಳಿಗೆ ಓದಲು ಮಾತ್ರ ತೆರೆದಿಡಿ. ಅವರ ಕೆಲಸಕ್ಕೆ ಬೇರೆ ಫೋಲ್ಡರ್ ಕೊಡಿ. ಮುಖ್ಯ ಫೈಲುಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ.

ಬಂಧುಗಳೇ, 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ರಾಜ್ಯಕ್ಕೆ ಕೊನೆಯ ಜಿಲ್ಲೆ ನಮ್ಮ ಯಾದಗಿರಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ನಮ್ಮದೇ ಕೊನೆಯ ಸ್ಥಾನ. ಒಂದು ಸ್ವಿಚ್ಚಿನಿಂದ ಇದೆಲ್ಲ ಬದಲಾಗದು, ನಿಜ. ಆದರೆ ಇರುವ ಕಂಪ್ಯೂಟರ್‌ಗಳಿಗೆ ಬಟ್ಟೆ ಹೊದಿಸಿ ಬೀಗ ಹಾಕಿಡುವುದು ಮಕ್ಕಳಿಗೆ ನಾವೇ ಮಾಡುವ ಅನ್ಯಾಯ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರು ಈ ಹೊಣೆ ಹೊರಲಿ, ಆಡಳಿತ ಮಂಡಳಿ ಅವರ ಕೈಗೆ ಕೊಠಡಿಯ ಕೀಲಿ ಕೊಡಲಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.