ಈ ವಾರ ಬಂದ ಪುಸ್ತಕಗಳು

(ಮುಂಬಯಿಯ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ವಾಚನಾಲಯ ವಿಭಾಗದ ಪರವಾಗಿ ಮಾಡಿದ ಭಾಷಣ)



ಈ ವಾರ ಊರಕಡೆಯಿಂದ ನಮ್ಮ ವಾಚನಾಲಯಕ್ಕೆ ಪುಸ್ತಕಗಳ ಒಂದು ಕಟ್ಟು ಬಂದಿದೆ. ಕೆಲವು ಹೊಸ ಪ್ರಕಟಣೆಗಳು, ಕೆಲವು ಹಳೆಯವುಗಳ ಮರುಮುದ್ರಣ. ನಮ್ಮ ಕಪಾಟಿಗಂತೂ ಎಲ್ಲವೂ ಹೊಸವೇ. ಅವುಗಳ ಪರಿಚಯ ಮಾಡಿಕೊಡುವ ಕೆಲಸವನ್ನು ಕಾರ್ಯಕಾರಿ ಸಮಿತಿ ನಮಗೆ ವಹಿಸಿದೆ. ಯಾದಿಯನ್ನು ಓದಿ ಕುಳಿತುಬಿಡುವುದು ಸುಲಭ. ಆದರೆ ಅದೇ ಸಮಿತಿಯ ಮುಂದೆ ಇನ್ನೊಂದು ಪ್ರಶ್ನೆಯೂ ಇದೆ. ಕಪಾಟುಗಳು ಸ್ಥಳ ಹಿಡಿಯುತ್ತವೆ, ಓದುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇನ್ನು ಪುಸ್ತಕ ಕೊಳ್ಳುವುದೇತಕ್ಕೆ? ಈ ಪ್ರಶ್ನೆ ಕೇಳಿದವರು ಕನ್ನಡದ ದ್ವೇಷಿಗಳಲ್ಲ. ಸಂಘದ ಲೆಕ್ಕ ಬರೆಯುವವರು. ಅವರಿಗೆ ಉತ್ತರ ಕೊಡದೆ ಬರಿಯ ಗುಣಗಾನ ಮಾಡುವುದು ನ್ಯಾಯವಲ್ಲ. ಆದುದರಿಂದ ಒಂದೊಂದು ಪುಸ್ತಕವನ್ನೂ ಎತ್ತಿಕೊಂಡು, ಇದು ಯಾರ ಕೈಗೆ ಹೋಗಬೇಕು ಎಂದು ವಿಚಾರಿಸೋಣ.

ಮೊದಲನೆಯದು ಕಾದಂಬರಿ: ಯಶವಂತ ಚಿತ್ತಾಲರ ‘ಶಿಕಾರಿ’. 1979ರಲ್ಲಿ ಮೊದಲು ಪ್ರಕಟವಾದದ್ದು. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲೇ ಬಾಳಿದ ಚಿತ್ತಾಲರು ನಮ್ಮ ನಗರವನ್ನು ಒಳಗಿನಿಂದ ಬಲ್ಲವರು. ದೊಡ್ಡ ಕಂಪನಿಯೊಂದರ ಅಧಿಕಾರಿ ನಾಗಪ್ಪ ಏಕಾಏಕಿ ಅಮಾನತಾಗುತ್ತಾನೆ. ತನ್ನ ಅಪರಾಧವೇನೆಂದು ಅವನಿಗೇ ತಿಳಿಯದು. ಆಫೀಸಿನ ಅಂಜಿಕೆಯನ್ನು ಮನೆಗೆ ಹೊತ್ತು ತರುವ ನಮ್ಮ ನೌಕರ ತರುಣರು ಇದನ್ನು ಓದಲಿ. ತಮ್ಮ ಮನಸ್ಸಿನ ಮಾತಿಗೆ ಕನ್ನಡದಲ್ಲಿ ಶಬ್ದಗಳಿವೆ ಎಂಬುದು ಅವರಿಗೆ ಗೊತ್ತಾಗುತ್ತದೆ.

ಎರಡನೆಯದು ಬಾನು ಮುಷ್ತಾಕರ ಸಣ್ಣಕಥೆಗಳು. ಇವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. 2025ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದಿಂದ ಹೋದ ಪುಸ್ತಕಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ನಮ್ಮ ಕಾಲೇಜು ಹುಡುಗಿಯರಲ್ಲಿ ಕೆಲವರು ಅದನ್ನು ಇಂಗ್ಲಿಷಿನಲ್ಲಿ ಓದಿದ್ದಾರೆಂದು ಕೇಳಿ ಸಂತೋಷಪಟ್ಟೆವು. ಆದರೆ ಮೂಲ ತಮ್ಮ ತಾಯಿಯ ಮಾತಿನಲ್ಲೇ ಇರುವಾಗ, ಊಟ ಅಡಿಗೆಮನೆಯಲ್ಲಿ ಸಿದ್ಧವಿದ್ದೂ ಖಾನಾವಳಿಯಿಂದ ತರಿಸಿಕೊಂಡಂತಾಗಬಾರದು. ತಾಯಿ ಓದಲಿ, ಮಗಳು ಕೇಳಲಿ. ಸೊಸೆ ಓದಲಿ, ಅತ್ತೆಯೂ ಕೇಳಲಿ. ಮುಸ್ಲಿಂ ಮನೆಗಳ ಹೆಂಗಸರ ಕಷ್ಟ ಕೋಟಲೆಗಳನ್ನು ಹೇಳುವ ಈ ಕಥೆಗಳು ಯಾವ ಮನೆಯಲ್ಲಿ ಓದಿದರೂ ಆ ಮನೆಯವರನ್ನು ತಟ್ಟದೆ ಬಿಡವು.

ಮೂರನೆಯದು ನಾಟಕ: ಗಿರೀಶ ಕಾರ್ನಾಡರ ‘ತುಘಲಕ್’, 1964ರ ಕೃತಿ. ಕಾರ್ನಾಡರು ಹುಟ್ಟಿದ್ದು ನಮ್ಮ ಹತ್ತಿರದ ಮಾಥೇರಾನಿನಲ್ಲಿ, 1938ರಲ್ಲಿ. ಅವರ ಮೊದಲ ನಾಟಕ ‘ಯಯಾತಿ’ಯನ್ನು 1961ರಲ್ಲಿ ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ನಾಟಕವನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಬೇಕು. ಒಬ್ಬನೇ ಓದಿದರೆ ಅರ್ಧ ರುಚಿ. ಕನ್ನಡ ಮಾತು ಬಂದರೂ ಓದು ತಡವರಿಸುವ ನಮ್ಮ ಹುಡುಗರಿಗೆ ತಾಲೀಮಿಗಿಂತ ಒಳ್ಳೆಯ ಪಾಠಶಾಲೆ ಬೇರೆ ಇಲ್ಲ.

ನಾಲ್ಕನೆಯದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದದ್ದು. ಸ್ವಾಮಿಯವರು ಡಿ.ವಿ. ಗುಂಡಪ್ಪನವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಸುತ್ತಿದ ಕಥೆಯನ್ನು ನಗೆಯ ಜೊತೆಗೆ ಹೇಳುತ್ತಾ, ಗಿಡಮರಗಳ ಶಾಸ್ತ್ರವನ್ನೂ ತಿಳಿಸುತ್ತಾರೆ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರ ಮನೆಗೆ ಇದನ್ನು ಮೊದಲು ಕಳುಹಿಸಬೇಕು. ಮದರಾಸಿನಲ್ಲಿ ಕುಳಿತು ಕನ್ನಡದಲ್ಲಿ ಬರೆಯಲು ಅವರಿಗೆ ಸಾಧ್ಯವಾಯಿತು. ಮುಂಬಯಿಯಲ್ಲಿ ಕುಳಿತು ಓದುವುದು ನಮಗೆ ಅಸಾಧ್ಯವೇ?

ಐದನೆಯದು ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’. ನೂರೇಳು ವರ್ಷ ಬಾಳಿ 2021ರಲ್ಲಿ ತೀರಿಕೊಂಡ ಈ ನಿಘಂಟುಕಾರರು, ‘ಪ್ರಜಾವಾಣಿ’ಯ ಓದುಗರು ಶಬ್ದಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಿವು. ಊಟದ ನಂತರ ಎರಡು ಪುಟ ಓದಿದರೆ ಮನೆಯಲ್ಲಿ ವಾದವೂ ಏಳುತ್ತದೆ, ನಗುವೂ ಏಳುತ್ತದೆ.

ಕೊನೆಯದು ಬೇಂದ್ರೆಯವರ ‘ನಾಕುತಂತಿ’. 1964ರಲ್ಲಿ ಹೊರಬಂದ ಈ ಕವನಸಂಗ್ರಹಕ್ಕೆ 1973ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಬೇಂದ್ರೆಯವರ ಮನೆಮಾತು ಮರಾಠಿ. 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದರು, ಮರಾಠಿಯಲ್ಲೂ ಬರೆದರು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು ಮಾತು ಇದ್ದರೆ ಎರಡೂ ಕೆಡುತ್ತವೆ ಎಂಬ ಭಯ ನಮ್ಮಲ್ಲಿ ಅನೇಕರಿಗಿದೆ. ಆ ಭಯಕ್ಕೆ ಬೇಂದ್ರೆಯವರ ಬಾಳೇ ಸಮಾಧಾನ. ಭಾಷೆ ಹುಟ್ಟಿನಿಂದ ಮಾತ್ರ ಬರುವ ಆಸ್ತಿಯಲ್ಲ, ಬಳಸಿದವರಿಗೆ ಒಲಿಯುತ್ತದೆ.

ಇನ್ನು ಲೆಕ್ಕದವರ ಪ್ರಶ್ನೆಗೆ ಬರೋಣ. ಓದುವವರು ಕಡಿಮೆಯಾಗುತ್ತಿರುವುದು ನಿಜ. ಕಾರಣ ಪುಸ್ತಕಗಳ ದೋಷವಲ್ಲ. ನಮ್ಮ ಮಕ್ಕಳಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಆದರೆ ಇದು ನಾವು ತಿಳಿದಷ್ಟು ದೊಡ್ಡ ಗುಡ್ಡವಲ್ಲ. ಶಾಲೆಯಲ್ಲಿ ಮರಾಠಿ, ಹಿಂದಿ ಕಲಿತ ಮಗುವಿಗೆ ವರ್ಣಮಾಲೆಯ ಕ್ರಮ ಆಗಲೇ ಗೊತ್ತು. ಸ್ವರಗಳಾದ ಮೇಲೆ ಕ, ಖ, ಗ, ಘ. ಆಮೇಲೆ ಚ, ಛ, ಜ, ಝ. ಅಲ್ಲಿಯೂ ಅದೇ, ಇಲ್ಲಿಯೂ ಅದೇ. ಮರಾಠಿ ಬಲ್ಲ ಮಗುವಿಗೆ ನಮ್ಮ ಳಕಾರವೂ ಹೊಸದಲ್ಲ. ಕಲಿಯಬೇಕಾದದ್ದು ಅಕ್ಷರಗಳ ರೂಪ, ಎ–ಏ ಮತ್ತು ಒ–ಓಗಳ ಹ್ರಸ್ವ ದೀರ್ಘ ಭೇದ, ಮತ್ತು ಕೆಳಗೆ ಬರೆಯುವ ಒತ್ತಕ್ಷರ. ಬೇಸಿಗೆಯ ರಜೆಯಲ್ಲಿ ದಿನಕ್ಕೆ ಅರ್ಧ ತಾಸು ಕೂಡಿಸಿಕೊಂಡರೆ ಮಗು ಅಂಗಡಿಯ ಫಲಕ ಓದತೊಡಗುತ್ತದೆ. ಫಲಕ ಓದಿದವನು ಕಥೆಯನ್ನೂ ಓದುತ್ತಾನೆ.

ಅದಕ್ಕಾಗಿ ನಮ್ಮ ಬಿನ್ನಹ ಎರಡು. ಪ್ರತಿ ಭಾನುವಾರ ಬೆಳಿಗ್ಗೆ ವಾಚನಾಲಯದಲ್ಲಿ ಒಂದು ತಾಸು ಅಕ್ಷರಾಭ್ಯಾಸ ನಡೆಯಲಿ. ಕಲಿಸಲು ನಿವೃತ್ತ ಹಿರಿಯರು ಮುಂದೆ ಬರಲಿ. ಮನೆಗೊಂದು ಪುಸ್ತಕ ತಿಂಗಳಿಗೊಮ್ಮೆ ಹೋಗಲಿ, ಅಜ್ಜನೋ ಅವ್ವನೋ ಗಟ್ಟಿಯಾಗಿ ಓದಲಿ. 1956ರ ನವೆಂಬರ್ 1ರಂದು ಹಂಚಿಹೋದ ಸೀಮೆಗಳು ಒಂದಾದುವು. ಆ ಸೀಮೆಯ ಹೊರಗುಳಿದ ನಮಗೆ ಕನ್ನಡನಾಡೆಂದರೆ ಮನೆಯ ಮಾತು ಮತ್ತು ಈ ಕಪಾಟು.

ಬರುವ ಯುಗಾದಿಯ ಸಭೆಯಲ್ಲಿ ಎರವಲು ವಹಿಯನ್ನು ಎಲ್ಲರ ಮುಂದೆ ತೆರೆಯೋಣ. ಅದರಲ್ಲಿ ಹೆಸರುಗಳು ತುಂಬಿದ್ದರೆ ಕಪಾಟು ಉಳಿಯಲಿ, ಇನ್ನೊಂದು ಕಟ್ಟು ಬರಲಿ. ಖಾಲಿಯಿದ್ದರೆ ಲೆಕ್ಕದವರ ಮಾತನ್ನು ನಾವೂ ಒಪ್ಪುತ್ತೇವೆ. ಪುಸ್ತಕಗಳು ಮೇಜಿನ ಮೇಲಿವೆ. ಮನೆಗೆ ಹೋಗುವಾಗ ಒಂದೊಂದನ್ನು ಕೈಗೆತ್ತಿಕೊಂಡು, ವಹಿಯಲ್ಲಿ ಹೆಸರು ಬರೆದು ಹೋಗಬೇಕೆಂದು ಪ್ರಾರ್ಥನೆ.