ಬೆಳಕಿನ ಕತ್ತಿಯ ಹಿಡಿ
(ವಾಚನಾಲಯದ ಸದಸ್ಯರ ಮುಂದೆ ಮಾಡಿದ ಭಾಷಣ)



ವಿಜ್ಞಾನದ ಕಲ್ಪನೆಯಿಂದ ಹುಟ್ಟಿದ ಚಲನಚಿತ್ರಗಳಲ್ಲಿ ಕಾಣುವ ಕತ್ತಿ, ಶಿರಸ್ತ್ರಾಣ, ಯಂತ್ರ ಮೊದಲಾದ ರಂಗಸಾಮಗ್ರಿಗಳ ಪ್ರತಿಕೃತಿಯನ್ನು ಮನೆಯಲ್ಲಿಯೇ ಮಾಡುವ ಬಗೆ ಈ ದಿನದ ವಿಷಯ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ ಇದೇನು ಹುಡುಗಾಟಿಕೆಯ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಹೈದರಾಬಾದಿನಲ್ಲಿದ್ದುಕೊಂಡು ಈ ವಿಷಯ ನಮಗೆ ದೂರದ್ದು ಎನ್ನುವಂತಿಲ್ಲ. ನಮ್ಮ ಕನ್ನಡಕ್ಕೆ ‘ಹಾಲು ಜೇನು’ ಕೊಟ್ಟ ಸಿಂಗೀತಂ ಶ್ರೀನಿವಾಸರಾಯರೇ ೧೯೯೧ರಲ್ಲಿ ತೆಲುಗಿನ ‘ಆದಿತ್ಯ ೩೬೯’ ಚಿತ್ರದಲ್ಲಿ ಕಾಲಯಂತ್ರವೊಂದನ್ನು ಕೃಷ್ಣದೇವರಾಯನ ವಿಜಯನಗರಕ್ಕೆ ಇಳಿಸಿದರು. ೨೦೨೪ರ ಮೇ ತಿಂಗಳಲ್ಲಿ ‘ಕಲ್ಕಿ ೨೮೯೮ ಎ.ಡಿ.’ ಚಿತ್ರದ ‘ಬುಜ್ಜಿ’ ಎಂಬ ವಾಹನವನ್ನು ಇಲ್ಲಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಜನರೆದುರಿಗೆ ತಂದರು. ಆರು ಟನ್ನು ತೂಕದ ಆ ಬಂಡಿ ಬರಿಯ ತೋರಿಕೆಯದಲ್ಲ, ನಿಜವಾಗಿ ಓಡುತ್ತದೆ.

ಅಂಥದನ್ನು ನಾವು ಕಟ್ಟಲಾರೆವು, ಬಿಡಿ. ಆದರೆ ಚಿತ್ರ ನೋಡಿ ಬಂದ ಹುಡುಗ ಅಪ್ಪನ ಅಂಗಿ ಜಗ್ಗಿ ಕೇಳುವುದು ಬಂಡಿಯನ್ನಲ್ಲ. ಕೈಯಲ್ಲಿ ಹಿಡಿಯುವಂಥ ಒಂದು ಕತ್ತಿಯನ್ನು. ಪರದೇಶದಿಂದ ಬಂದ ಒಳ್ಳೆಯ ಪ್ರತಿಕೃತಿಯ ಬೆಲೆ ಕೇಳಿದರೆ ನಮ್ಮ ಸಂಬಳದವರು ಅಂಗಡಿಯ ಮೆಟ್ಟಿಲು ಇಳಿಯಬೇಕಾಗುತ್ತದೆ. ಆಗ ಮಗನಿಗೆ “ಅದು ನಮ್ಮಂಥವರಿಗಲ್ಲ” ಎಂದು ಹೇಳಿಬಿಡುತ್ತೇವೆ. ಈ ಮಾತು ಸುಳ್ಳೆಂದು ತೋರಿಸುವುದಕ್ಕೇ ನಾನು ನಿಂತಿದ್ದೇನೆ.

‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ಚಿತ್ರ ೧೯೭೭ರಲ್ಲಿ ಬಂದಿತು. ಅದರಲ್ಲಿ ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿ ಬರುತ್ತದೆ. ಅದನ್ನು ಯಾವ ಪ್ರಯೋಗಶಾಲೆಯಲ್ಲಿ ಮಾಡಿದರೆಂದು ಬಲ್ಲಿರಾ? ಅಲಂಕರಣದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಎಂಬವರು ಲಂಡನ್ನಿನ ಒಂದು ಫೋಟೋ ಸಾಮಾನಿನ ಅಂಗಡಿಗೆ ಹೋಗಿ, ಧೂಳು ಹಿಡಿದ ಪೆಟ್ಟಿಗೆಯೊಂದರಲ್ಲಿ ಗ್ರಾಫ್ಲೆಕ್ಸ್ ಕಂಪನಿಯ ಹಳೆಯ ಫ್ಲಾಷಿನ ಹಿಡಿಗಳನ್ನು ಕಂಡರು. ಹಿಂದಿನ ಕಾಲದ ಪತ್ರಿಕಾ ಛಾಯಾಗ್ರಾಹಕರು ಕ್ಯಾಮರಾದ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ, ಒಳಗೆ ಸೆಲ್ಲು ತುಂಬುವ ಕೊಳವೆ ಅದು. ಮೇಲಿನ ತಟ್ಟೆಯನ್ನು ತೆಗೆದರು. ಕೆಳಭಾಗಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿದರು. ನಡುವಿನ ಕೊಂಡಿಗೆ ಲೆಕ್ಕದ ಯಂತ್ರದಿಂದ ಕಿತ್ತ ಗುಳ್ಳೆಗಾಜಿನ ಪಟ್ಟಿಯೊಂದನ್ನು ಸೇರಿಸಿದರು. ಅಷ್ಟೇ! ಜಗತ್ತು ಬೆರಗಾದ ಆಯುಧ ಸಿದ್ಧವಾಯಿತು. ಆ ಚಿತ್ರದ ಕಲಾನಿರ್ದೇಶನಕ್ಕೆ ಸಿಕ್ಕ ಆಸ್ಕರ್ ಪಾರಿತೋಷಕದಲ್ಲಿ ಅವರಿಗೂ ಪಾಲು ಬಂದಿತು.

ಇದೊಂದೇ ಅಲ್ಲ. ೧೯೬೩ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಬಂದ ಡಾಲೆಕ್ ಎಂಬ ಯಂತ್ರರಾಕ್ಷಸನ ತೋಳು ಯಾವುದೆಂದರೆ, ಮೋರಿ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲಿನ ಕೋಲು! ಹತ್ತು ವರ್ಷದ ಮೇಲೆ, ೧೯೭೩ರಲ್ಲಿ, ‘ರೇಡಿಯೋ ಟೈಮ್ಸ್’ ಪತ್ರಿಕೆಯ ವಿಶೇಷ ಸಂಚಿಕೆಯು ಮನೆಯಲ್ಲಿಯೇ ಡಾಲೆಕ್ ಕಟ್ಟುವುದಕ್ಕೆ ನಕ್ಷೆಗಳನ್ನು ಅಚ್ಚುಮಾಡಿತು. ಅಮೆರಿಕದ ‘ಸ್ಟಾರ್ ಟ್ರೆಕ್’ನಲ್ಲಿ ವೈದ್ಯರು ರೋಗಿಯ ಮೇಲೆ ಆಡಿಸುವ ಉಪಕರಣ ಊಟದ ಮೇಜಿನ ಉಪ್ಪಿನ ಡಬ್ಬಿ. ಹೋಟೆಲಿನಲ್ಲಿ ದುಡಿಯುವ ನಮ್ಮ ಸ್ನೇಹಿತರು ದಿನಕ್ಕೆ ನೂರು ಸಲ ಅದನ್ನು ಒರೆಸಿಡುತ್ತಾರೆ.

ಕರಾವಳಿಯಿಂದ ಬಂದವರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಯಕ್ಷಗಾನದ ಕಿರೀಟವನ್ನು ಹತ್ತಿರದಿಂದ ನೋಡಿದವರು ಇಲ್ಲಿದ್ದೀರಿ. ಹಗುರವಾದ ಮರ, ಬೇಗಡೆ, ಕನ್ನಡಿಯ ಚೂರು: ಇಷ್ಟರಿಂದಲೇ ರಾತ್ರಿಯ ದೀಪದಲ್ಲಿ ದೇವೇಂದ್ರನ ವೈಭವ ಕಾಣಿಸುತ್ತದೆ. ಅದನ್ನು ಕಟ್ಟಿದವನು ಚಿನ್ನ ಎಲ್ಲಿ ಸಿಗುತ್ತದೆಂದು ಯೋಚಿಸಲಿಲ್ಲ, ಬೆಳಕು ಎಲ್ಲಿ ಬೀಳುತ್ತದೆಂದು ಯೋಚಿಸಿದನು. ಕಾಸರಗೋಡಿನ ವೇಷಗಾರಿಕೆಯವನಿಗೂ ಲಂಡನ್ನಿನ ಆ ಮಹಾಶಯನಿಗೂ ನನಗೆ ಹೆಚ್ಚು ಭೇದ ಕಾಣುವುದಿಲ್ಲ.

ಇನ್ನು ಮಾಡುವ ಬಗೆ. ಪ್ರತಿಕೃತಿಯಲ್ಲಿ ಅಳತೆಯೇ ಮುಖ್ಯ. ಅಳತೆ ತಪ್ಪಿದರೆ ಬಣ್ಣ ಎಷ್ಟು ಬಳಿದರೂ ಸಂತೆಯ ಆಟಿಕೆಯಂತೆ ಕಾಣುತ್ತದೆ. ಅಸಲು ವಸ್ತು ನಮ್ಮ ಕೈಗೆ ಸಿಗುವುದಿಲ್ಲ, ಛಾಯಾಚಿತ್ರ ಮಾತ್ರ ಸಿಗುತ್ತದೆ. ಆದ್ದರಿಂದ ಗೊತ್ತಿರುವ ಒಂದು ಅಳತೆಯಿಂದ ಗೊತ್ತಿಲ್ಲದ್ದನ್ನು ತೆಗೆಯಬೇಕು. ಆ ಫ್ಲಾಷಿನ ಹಿಡಿಯಲ್ಲಿ ಮೂರು ದೊಡ್ಡ ಟಾರ್ಚ್ ಸೆಲ್ಲುಗಳು ಕೂರುತ್ತವೆ. ದೊಡ್ಡ ಸೆಲ್ಲಿನ ಅಡ್ಡಗಲ ೩೪ ಮಿಲಿಮೀಟರು. ತಗಡಿನ ದಪ್ಪವನ್ನೂ ಸ್ವಲ್ಪ ಸಡಿಲನ್ನೂ ಸೇರಿಸಿದರೆ ಹೊರಗಿನ ಅಳತೆ ಸುಮಾರು ೩೮ ಎಂದಾಯಿತು. ಚಿತ್ರದಲ್ಲಿ ಆ ಭಾಗ ೧೯ ಮಿಲಿಮೀಟರು ಇದ್ದರೆ, ಚಿತ್ರದ ಪ್ರತಿಯೊಂದು ಅಳತೆಯನ್ನೂ ಇಮ್ಮಡಿ ಮಾಡಿ ಬರೆದುಕೊಳ್ಳಿ. ಲೆಡ್ಜರು ಬರೆಯುವ ಗುಮಾಸ್ತರಿಗೆ ಇದು ಎಡಗೈ ಕೆಲಸ. ಅಂಗಡಿಯಲ್ಲಿ ಸಿಗುವುದು ೪೦ ಮಿಲಿಮೀಟರಿನ ಪಿ.ವಿ.ಸಿ. ನೀರಿನ ಪೈಪು, ಆ ಎರಡು ಮಿಲಿಮೀಟರಿಗಾಗಿ ಕೊರಗುವವರು ಹಿತ್ತಾಳೆ ಕೊಳವೆ ಕೊಂಡು ಲೇತಿಗೆ ಹೋಗಲಿ, ನನ್ನ ಅಡ್ಡಿಯಿಲ್ಲ. ಉದ್ದ ಹನ್ನೊಂದು ಅಂಗುಲದೊಳಗೆ ಇರಲಿ. ಗುಂಡಿ, ತಿರುಪು, ಸುಟ್ಟ ಸರ್ಕ್ಯೂಟಿನ ಚೂರುಗಳಿಗೆ ಎರ್ರಗಡ್ಡದ ಭಾನುವಾರದ ಸಂತೆಗೆ ಹೋಗಬೇಕು; ಅಲ್ಲಿ ಇಲ್ಲವಾದರೆ ಕೋಠಿಯ ಗುಜರಾತಿ ಗಲ್ಲಿ. ವಸ್ತುವಿನ ಹೆಸರು ಹೇಳಿ ಕೇಳಬೇಡಿ. ಆಕಾರ ನೋಡಿ ಆರಿಸಿರಿ.

ಶಿರಸ್ತ್ರಾಣಕ್ಕೆ ಯೋಗದ ಚಾಪೆಯಂಥ ಫೋಮ್ ಹಾಳೆ ಒಳ್ಳೆಯದು. ಕಾಗದದಲ್ಲಿ ಮಾದರಿ ಕತ್ತರಿಸಿ, ಒಮ್ಮೆ ತಲೆಗೆ ಹಿಡಿದು ನೋಡಿ, ಆಮೇಲೆ ಫೋಮು ಕತ್ತರಿಸಬೇಕು. ಕೀಲುಗಳಿಗೆ ರಬ್ಬರ್ ಸಲ್ಯೂಷನ್ ಎರಡೂ ಕಡೆ ಹಚ್ಚಿ, ಒಣಗಿದಂತಾದ ಮೇಲೆಯೇ ಒತ್ತಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಅನೇಕರು ಒಂದೇ ಕೊಠಡಿಯಲ್ಲಿ ಐದಾರು ಜನ ಇರುತ್ತೇವೆ. ಅಡಿಗೆಯೂ ಅಲ್ಲಿಯೇ, ಹಾಸಿಗೆಯೂ ಅಲ್ಲಿಯೇ. ಆ ಅಂಟಿನ ಆವಿ ಬೆಂಕಿ ಕಂಡರೆ ಹೊತ್ತಿಕೊಳ್ಳುತ್ತದೆ. ಉಸಿರಿಗೆ ಹೋದರೆ ತಲೆ ತಿರುಗುತ್ತದೆ. ಅಂಟಿನ ಕೆಲಸ, ಬಣ್ಣದ ಕೆಲಸ ಎರಡನ್ನೂ ಮಹಡಿಯ ಮೇಲೆ ಬಯಲಿನಲ್ಲಿ ಮಾಡಬೇಕು, ಒಲೆಯ ಹತ್ತಿರ ಎಂದಿಗೂ ಕೂಡದು. ಪೈಪನ್ನು ಬಗ್ಗಿಸಲೆಂದು ಉರಿಯ ಮೇಲೆ ಹಿಡಿಯಲೂ ಬಾರದು. ಪಿ.ವಿ.ಸಿ. ಕರಕಾದರೆ ಹೊರಡುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಪಕ್ಕದಲ್ಲಿ ಮಲಗಿದ ರಾತ್ರಿಪಾಳಿಯವನ ಗಂಟಲಿಗೆ ಅದು ಇಳಿಯಬೇಕೇ?

ಇನ್ನೊಂದು ಎಚ್ಚರಿಕೆ ಪಿಸ್ತೂಲಿನದು. ಅದೇ ‘ಸ್ಟಾರ್ ವಾರ್ಸ್’ ಚಿತ್ರದ ಹಾನ್ ಸೋಲೋನ ಪಿಸ್ತೂಲನ್ನು ಜರ್ಮನಿಯ ಮೌಸರ್ ಪಿಸ್ತೂಲಿನ ಮೇಲೆ ಕಟ್ಟಿದ್ದರು. ಆದುದರಿಂದ ಅದರ ಪ್ರತಿಕೃತಿ ಚೆನ್ನಾಗಿ ಬಂದಷ್ಟೂ ನಿಜವಾದ ಆಯುಧದಂತೆಯೇ ಕಾಣುತ್ತದೆ. ಸಿಕಂದರಾಬಾದ್ ಸ್ಟೇಷನ್ನಿನ ಪೊಲೀಸಿನವನಿಗೆ ಅದು ಆಟದ್ದೆಂದು ದೂರದಿಂದ ತಿಳಿಯುವ ಬಗೆಯಿಲ್ಲ. ಭಾಷೆ ಸರಿಯಾಗಿ ಬಾರದ ಹೊರಊರಿನ ಹುಡುಗ ಅಲ್ಲಿ ಏನೆಂದು ವಿವರಿಸಿಯಾನು? ಮೊದಲು ಕತ್ತಿ ಮಾಡಿರಿ. ಪಿಸ್ತೂಲು ಮಾಡಲೇಬೇಕೆಂಬವರು ತುದಿಗೆ ಕಿತ್ತಳೆ ಬಣ್ಣ ಬಳಿದು ಮನೆಯಲ್ಲಿಯೇ ಇಟ್ಟುಕೊಳ್ಳಲಿ. ಮಾಡಿದ್ದನ್ನು ಚಿತ್ರದ ಹೆಸರು ಹೇಳಿ ಮಾರುವುದಕ್ಕೂ ಹೋಗಬಾರದು. ಆ ಹಕ್ಕು ಚಿತ್ರ ತೆಗೆದವರದು.

ಬಣ್ಣದ ವಿಷಯ ಹೇಳಿ ಮುಗಿಸುತ್ತೇನೆ. ಉಪ್ಪುಕಾಗದದಿಂದ ಪೈಪನ್ನು ಉಜ್ಜಿ, ಪ್ರೈಮರ್ ಕೊಟ್ಟು, ಅಲ್ಯೂಮಿನಿಯಂ ಬಣ್ಣವನ್ನು ತೆಳುವಾಗಿ ಮೂರು ಸಲ ಹೊಡೆಯಿರಿ. ಪೂರ್ತಿ ಒಣಗಿದ ಮೇಲೆ ನೀರಾದ ಕಪ್ಪು ಬಣ್ಣ ಬಳಿದು, ಕೂಡಲೇ ಬಟ್ಟೆಯಿಂದ ಒರೆಸಿಬಿಡಿ. ಸಂದುಗಳಲ್ಲಿ ಕಪ್ಪು ಉಳಿಯುತ್ತದೆ, ಉಬ್ಬುಗಳು ಹೊಳೆಯುತ್ತವೆ. ಹತ್ತು ವರ್ಷ ಕೈಯಲ್ಲಿ ಸವೆದ ಲೋಹದಂತೆ ಕಾಣುತ್ತದೆ. ಈ ಮೇಜಿನ ಮೇಲಿರುವ ಹಿಡಿಯನ್ನು ಈಗ ಮುಂದಿನ ಸಾಲಿನಿಂದ ಕಳುಹಿಸುತ್ತೇನೆ, ಒಬ್ಬೊಬ್ಬರಾಗಿ ಕೈಗೆ ತೆಗೆದುಕೊಂಡು ನೋಡಬಹುದು. ಕೆಳತುದಿಯ ಬಣ್ಣ ನಿನ್ನೆ ರಾತ್ರಿಯದು, ಅದನ್ನು ಮಾತ್ರ ಮುಟ್ಟಬೇಡಿ.