ಓಟದ ಲೆಕ್ಕ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಭಾಷಣ ಕಲಿತವರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕಿಳಿದವರು. ಹಾಲಿನ ಲೆಕ್ಕವನ್ನು ಕಾರ್ಯದರ್ಶಿಗಳು ಈಗತಾನೆ ಓದಿದರು. ಓಟದ ಲೆಕ್ಕ ಒಪ್ಪಿಸುವುದು ನಮ್ಮ ಪಾಲಿಗೆ ಬಂದಿದೆ.

ಬೆಂಗಳೂರಿನಲ್ಲಿ 2008ರಿಂದ 10 ಕಿಲೋಮೀಟರ್ ಓಟ ನಡೆದುಕೊಂಡು ಬಂದಿದೆ. ಓಡುವವರು ನೆಂಟರಿಷ್ಟರಲ್ಲಿ ಕೇಳಿ ಸೇವಾ ಸಂಸ್ಥೆಗಳಿಗೆ ಹಣ ಕೂಡಿಸಿಕೊಡುತ್ತಾರೆ. ಅದೇ ಊರಲ್ಲಿ ವಿಕಲಚೇತನ ಮಕ್ಕಳ ತಂದೆತಾಯಿಗಳು ಕಟ್ಟಿದ ‘ಕಿಲಿಕಿಲಿ’ ಎಂಬ ಸಂಸ್ಥೆ ಇದೆ. ಎಲ್ಲ ಮಕ್ಕಳೂ ಒಟ್ಟಿಗೆ ಆಡಲಿ ಎಂದು ಬಸವನಗುಡಿಯ ಕೃಷ್ಣರಾವ್ ಪಾರ್ಕ್ ಮುಂತಾದ ಕಡೆ ಕೆಲಸ ಮಾಡಿದೆ. ಇವೆರಡನ್ನೂ ಕೇಳಿದ ಮೇಲೆ, ನಮ್ಮ ಶಾಲೆ ಮೈದಾನಕ್ಕೂ ಏನಾದರೂ ಮಾಡೋಣ ಅನ್ನಿಸಿತು. ಸಂಘದ ನಿಧಿ ಮುಟ್ಟುವುದು ಬೇಡ, ಡೇರಿಯಿಂದ ಕೆರೆ ಏರಿವರೆಗೆ ಓಟ ಇಡೋಣ ಎಂದು ತೀರ್ಮಾನವಾಯಿತು.

“ದುಡ್ಡು ಬೇಕಾದ್ರೆ ಕೇಳ್ರಪ್ಪ, ಕೊಡ್ತೀವಿ. ಅದಕ್ಯಾಕೆ ಊರೆಲ್ಲಾ ಓಡಿಸ್ತೀರಿ?” ಎಂದರು ಹಿರಿಯರೊಬ್ಬರು. ಮಾತೇನೋ ಸರಿಯೇ. ಆದರೆ ಮನೆಮನೆಗೆ ಹೋಗಿ ಎತ್ತಿದ್ದರೆ ಗಣಪತಿ ಚಂದಾ ಥರ ಕೊಟ್ಟು ಮರೆತುಬಿಡುತ್ತಿದ್ದರು. ಓಟ ಅಂದಾಗ, ಯಾರಿಗಾಗಿ ಅಂತ ಎಲ್ಲರೂ ಕೇಳಿದರು.

ಓಟ ಚೆನ್ನಾಗೇ ಆಯಿತು. ಪಂಚೆ ಕಟ್ಟಿ ಓಡಿದವರೂ ಇದ್ದರು, ಮಜ್ಜಿಗೆಗೆ ಅಂತಲೇ ಓಡಿದವರೂ ಇದ್ದರು. ನಾವು ತಪ್ಪಿದ್ದು ಬೇರೆ ಕಡೆ. ಯಾರಿಗಾಗಿ ಓಟವೋ ಆ ಮಕ್ಕಳನ್ನು ಶಾಮಿಯಾನದಡಿ ಸಾಲಾಗಿ ಕೂರಿಸಿ ಹೂ ಕೊಟ್ಟಿದ್ದೆವು. ಗಾಲಿಕುರ್ಚಿಯ ಹುಡುಗಿಯೊಬ್ಬಳ ತಾಯಿ, ದಿನಾ ಹಾಲು ಹಾಕುವ ಸದಸ್ಯೆ, ಬಂದು ಕೇಳಿದರು: “ಅಣ್ಣಾ, ನಮ್ ಮಗೂನ ತೋರ್ಸೋಕೆ ಕೂರ್ಸಿದ್ರಾ? ಅವಳೂ ಬರ್ತೀನಿ ಅಂತ ಬೆಳಿಗ್ಗೆಯಿಂದ ಕಾಯ್ತಾವ್ಳೆ.” ನಮಗೆ ಬಾಯಿ ಕಟ್ಟಿತು. ಓಟ ಆಗಲೇ ಮುಗಿದಿತ್ತು. ಆಮೇಲೆ ಹುಡುಗರೇ ಅವಳ ಕುರ್ಚಿ ತಳ್ಳಿಕೊಂಡು ಏರಿವರೆಗೂ ಹೋಗಿ ಬಂದರು. ನಾವು ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಖರ್ಚಿನ ಮಾತು. ಮೈದಾನ ರಸ್ತೆಗಿಂತ ಎರಡಡಿ ಎತ್ತರದಲ್ಲಿದೆ. ಇಳಿಜಾರು ಕಟ್ಟಿಸಿದೆವು, ಉದ್ದ ಬರೀ ಎಂಟಡಿ. ಗಾರೆಯವರದು ತಪ್ಪಲ್ಲ, ಅಳತೆ ಹೇಳಿದವರು ನಾವೇ. ಆ ತಾಯಿ ಕುರ್ಚಿ ತಳ್ಳಿದರೆ ಅರ್ಧಕ್ಕೇ ನಿಂತಿತು, ಹಿಂದಕ್ಕೂ ಜಾರಿತು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು ಎಂಬ ನಿಯಮ ಇರುವುದು ಆಮೇಲೆ ಗೊತ್ತಾಯಿತು. ಒಡೆಸಿ 24 ಅಡಿಗೆ ಮತ್ತೆ ಕಟ್ಟಿಸಿದೆವು. ಉಯ್ಯಾಲೆಯ ಸುತ್ತ ಮರಳು ಹಾಕಿಸಬೇಕೆಂದಿದ್ದೆವು, ಗಾಲಿ ಹೂತುಹೋಗುತ್ತದೆಂದು ಅಲ್ಲಿಗೆ ಹೋಗುವ ದಾರಿಯನ್ನು ಗಟ್ಟಿ ನೆಲವಾಗಿ ಮಾಡಿಸಿದೆವು.

ಹೀಗಾಗಿ ಉಯ್ಯಾಲೆಯ ದುಡ್ಡು ಇಳಿಜಾರಿಗೆ ಹೋಯಿತು. ಬೆನ್ನಿಗೆ ಆಸರೆ, ಸೊಂಟಕ್ಕೆ ಪಟ್ಟಿ ಇರುವ ಉಯ್ಯಾಲೆ ಇನ್ನೂ ಬಂದಿಲ್ಲ. ಹುಡುಗಿ ಈಗ ಮೈದಾನಕ್ಕೆ ತಾನೇ ಹತ್ತಿ ಬರುತ್ತಾಳೆ. ಬಂದು, ಕಂಬ ಯಾವಾಗ ನೆಡ್ತೀರಿ ಮಾವ ಅಂತ ಕೇಳುತ್ತಾಳೆ.

ಜಮಾಖರ್ಚನ್ನು ಡೇರಿ ಬೋರ್ಡಿಗೆ ಅಂಟಿಸಿದ್ದೇವೆ, ಒಡೆಸಿದ ಖರ್ಚೂ ಅದರಲ್ಲಿದೆ. ಮುಂದಿನ ಓಟ ಸುಗ್ಗಿ ಮುಗಿದ ಮೇಲೆ. ಈ ಸಲ ಗಾಲಿಕುರ್ಚಿಗಳು ಮುಂದಿನ ಸಾಲಿನಲ್ಲಿ. ಹೆಸರು ಬರೆಸುವವರು ಬೆಳಗಿನ ಹಾಲಿನ ಹೊತ್ತಿಗೆ ಬನ್ನಿ.